ಒಗ್ಗರಣೆ ಇಲ್ಲದ ಮನೆ

ನನ್ನ ಗಂಡನಿಗೆ ಏನೋ ಆಗಿದೆ ಎಂದು ನನಗೆ ಮೊದಲು ಗೊತ್ತಾದದ್ದು ಅವರ ತಾಟಿನಿಂದ. ಊಟ ಮುಗಿಸಿ ಎದ್ದ ಮೇಲೆ ತಾಟು ತೆಗೆಯಲು ಹೋದರೆ ಶೇಂಗಾ ಚಟ್ನಿ ಹಾಕಿದ ಹಾಗೇ ಇತ್ತು. ಮರುದಿನ ಉಪ್ಪಿನಕಾಯಿ ಉಳಿಯಿತು. ಆಮೇಲೆ ರೊಟ್ಟಿಯ ಅಂಚು ಮುರಿದು ಪಕ್ಕಕ್ಕಿಟ್ಟು ನಡುವಿನ ಮೆತ್ತಗಿನ ಭಾಗವನ್ನಷ್ಟೇ ತಿನ್ನತೊಡಗಿದರು. ಪಲ್ಯಕ್ಕೆ ಖಾರ ಕಡಿಮೆಯಾದರೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುತ್ತಿದ್ದ ಮನುಷ್ಯ ಅವರು. ಏನಾಗಿದೆ ಎಂದು ಕೇಳಿದರೆ ಹಲ್ಲು ನೋಯುತ್ತಿದೆ ಎಂದರು. ನಾನು ಲವಂಗ ಕೊಟ್ಟೆ. ಬಾಯಿಗಿಟ್ಟುಕೊಂಡವರು ಕೂಡಲೇ ಹಿತ್ತಲಿಗೆ ಹೋಗಿ ಉಗುಳಿ ಬಂದರು.

ಅವರು ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಮಾಲು ನೋಡುವ ಕೆಲಸದಲ್ಲಿದ್ದರು. ಸುತ್ತಲಿನ ಹಳ್ಳಿಗಳಿಂದ ಬಂದ ಚೀಲಗಳನ್ನು ಬಿಚ್ಚಿಸಿ, ಪುಡಿಯನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಇದು ಯಾವ ದರ್ಜೆಯ ಮಾಲು ಎಂದು ಹೇಳಬೇಕು. ಸಂಜೆ ಅವರು ಚಪ್ಪಲಿ ಬಿಡುವ ಮೊದಲೇ ತಂಬಾಕಿನ ಘಾಟು ಒಳಗೆ ಬರುತ್ತಿತ್ತು. ಹರೆಯದಲ್ಲೇ ಸುಣ್ಣ ತಂಬಾಕು ತಿಕ್ಕಿ ಕೆನ್ನೆಯೊಳಗೆ ಇಟ್ಟುಕೊಳ್ಳುವ ಚಟ ಹತ್ತಿತ್ತು. ಮದುವೆಯಾದ ಹೊಸದರಲ್ಲಿ ಬಿಡಿರಿ ಎಂದು ನಾನು ಹಟ ಹಿಡಿದಿದ್ದೆ. ವಖಾರಿಯಲ್ಲಿ ನಿಂತು ತಂಬಾಕು ಬಿಡುವುದೆಂದರೆ ಹೊಳೆಯಲ್ಲಿ ನಿಂತು ಮೈ ಒಣಗಿಸಿಕೊಂಡ ಹಾಗೆ ಎಂದು ನಕ್ಕಿದ್ದರು. ಅತ್ತೆಯೂ ನಕ್ಕಿದ್ದರು. ಅವರ ಗಂಡನೂ ಅದೇ ವಖಾರಿಯಲ್ಲಿದ್ದವರು.

ಹಲ್ಲಿನ ಡಾಕ್ಟರು ಬಾಯಿಯೊಳಗೆ ದೀಪ ಬಿಟ್ಟು ನೋಡಿ, ಮಿರಜಿಗೆ ಹೋಗಿರಿ ಎಂದರು. ಮಿರಜಿನ ಆಸ್ಪತ್ರೆಯಲ್ಲಿ ಕೆನ್ನೆಯ ಒಳಗಿನ ಗಡ್ಡೆಯನ್ನೂ ಅದರ ಕೆಳಗಿನ ದವಡೆಯ ಒಂದು ತುಂಡನ್ನೂ ತೆಗೆದರು. ಗಾಯ ಮಾಯ್ದ ಮೇಲೆ ಕರೆಂಟ್ ಕೊಡುವುದು, ಅಂದರೆ ರೇಡಿಯೇಶನ್, ಶುರುವಾಯಿತು. ಬೆಳಿಗ್ಗೆ ಬಸ್ಸಿಗೆ ಹೋಗುವುದು, ಸಾಲಿನಲ್ಲಿ ಕೂಡುವುದು, ಕುತ್ತಿಗೆಗೂ ಕೆನ್ನೆಗೂ ಕರೆಂಟ್ ಹಿಡಿಸಿಕೊಂಡು ಬಿಸಿಲಿನಲ್ಲಿ ತಿರುಗಿ ಬರುವುದು. ಆ ಸಾಲಿನಲ್ಲಿ ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯವರೇ ಹೆಚ್ಚು. ಎಲ್ಲರೂ ಬಾಯಿಗೆ ಟಾವೆಲ್ ಹಿಡಿದು ಕೂತಿರುತ್ತಿದ್ದರು. ಹೆಂಗಸರಾದ ನಾವು ಪರಸ್ಪರರ ಚೀಲದಲ್ಲಿ ಯಾವ ಡಬ್ಬಿ ಇದೆ, ಅದರಲ್ಲಿ ಏನಿದೆ ಎಂದು ನೋಡಿಕೊಳ್ಳುತ್ತಿದ್ದೆವು.

ಊಟದ ವಿಷಯ ಹೇಳಲು ಅಲ್ಲಿ ಒಬ್ಬ ಹುಡುಗಿ ಇದ್ದಳು. ಮರಾಠಿ ಮನೆಯವಳು, ಕನ್ನಡ ತಡವರಿಸುತ್ತಿದ್ದಳು, ಆದರೆ ಮಮತೆಯಿಂದ ಹೇಳುತ್ತಿದ್ದಳು. “ಕಾಕು, ತಿಖಟ, ಖಾರ ಪೂರ್ಣ ಬಂದ್. ಮಸಾಲಿ ಬ್ಯಾಡ, ಹುಳಿ ಬ್ಯಾಡ. ಮೆತ್ತಗ, ತೆಳ್ಳಗ ಮಾಡ್ರಿ. ಖರೆ ಶಕ್ತಿ ಇರಬೇಕ್ರಿ ಅದರಾಗ. ಅಂಡಾ ನಡೀತದಲ್ರಿ ನಿಮ್ಮಲ್ಲೆ?” ಎಂದು ಕೇಳಿದಳು. ನಮ್ಮಲ್ಲಿ ಮೊಟ್ಟೆ ನಡೆಯುವುದಿಲ್ಲ ಎಂದೆ. ಹಾಗಾದರೆ ಕಾಳು, ಹಾಲು, ಮೊಸರು, ಶೇಂಗಾ ಎಂದಳು. ಎಷ್ಟು ಹೊಟ್ಟೆಗೆ ಹೋಗುತ್ತದೋ ಅಷ್ಟು ಕರೆಂಟ್ ತಡೆಯುವ ಬಲ ಬರುತ್ತದೆ ಎಂದಳು. ಆ ಮಾತನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ. ಆಪರೇಶನ್ನು ನನ್ನ ಕೈಯಲ್ಲಿ ಇರಲಿಲ್ಲ, ಕರೆಂಟೂ ಇರಲಿಲ್ಲ. ಅಡಿಗೆ ನನ್ನ ಕೈಯಲ್ಲಿತ್ತು.

ನಾನು ತೆಲಸಂಗದ ಕಡೆಯವಳು. ಒಣಬೇಸಾಯದ ಊರು, ಜೋಳವೇ ಊಟ. ಚಿಕ್ಕವಳಿದ್ದಾಗ ಜ್ವರ ಬಂದರೆ ನನ್ನವ್ವ ಜೋಳದ ನುಚ್ಚನ್ನು ಗಂಜಿಯ ಹಾಗೆ ಕುದಿಸಿ, ಆರಿಸಿ, ಮಜ್ಜಿಗೆ ಕಲಸಿ ಕೊಡುತ್ತಿದ್ದಳು. ಅಲ್ಲಿಂದಲೇ ಶುರು ಮಾಡಿದೆ. ನುಚ್ಚನ್ನು ಮೊದಲಿಗಿಂತ ಸಣ್ಣಗೆ ಒಡೆಸಿದೆ. ಹೆಸರುಕಾಳನ್ನು ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ ಏಳುವ ಮೊದಲೇ ಹಂಚಿನಿಂದ ಇಳಿಸಿ ಹಿಟ್ಟು ಮಾಡಿಟ್ಟೆ. ಶೇಂಗಾ ನೆನೆಸಿ ರುಬ್ಬಿ ಬಟ್ಟೆಯಲ್ಲಿ ಹಿಂಡಿದರೆ ಬೆಳ್ಳಗೆ ಹಾಲು ಬರುತ್ತದೆ. ಅದನ್ನು ಕುದಿಸಿ ಬೆಲ್ಲ ಹಾಕಿ ಕೊಡುತ್ತಿದ್ದೆ. ಪುಟಾಣಿ, ಅಂದರೆ ಹುರಿಗಡಲೆ ಹಿಟ್ಟನ್ನು ಹಾಲಿನಲ್ಲಿ ಕಲಸಿ ಕೊಡುತ್ತಿದ್ದೆ. ಕುಂಬಳಕಾಯಿ, ಹೀರೇಕಾಯಿ, ಗಜ್ಜರಿಯನ್ನು ಬೇಳೆಯ ಜೊತೆ ಬೇಯಿಸಿ, ಕಡೆದು, ಮೇಲೆ ಒಂದು ಚಮಚ ತುಪ್ಪ. ಕಾಗವಾಡದಲ್ಲಿ ದ್ರಾಕ್ಷಿ ತೋಟವಿರುವ ಮನೆಗೆ ನನ್ನ ನಾದಿನಿಯನ್ನು ಕೊಟ್ಟಿದ್ದೇವೆ. ಅವಳು ಕಳಿಸಿದ ಒಣದ್ರಾಕ್ಷಿಯನ್ನು ನೆನೆಸಿ, ಕಿವುಚಿ, ಸೋಸಿ ಆ ನೀರು ಕೊಡುತ್ತಿದ್ದೆ. ಇವುಗಳಲ್ಲಿ ಯಾವುದೂ ಕಷ್ಟದ ಅಡಿಗೆಯಲ್ಲ. ಒಲೆಯ ಮುಂದೆ ನಿಂತು ಕಲಿಯುವಂಥದ್ದು ಏನೂ ಇಲ್ಲ. ಕಷ್ಟ ಇದ್ದದ್ದು ಅವರ ಮುಂದೆ ಕೂತು ಉಣಿಸುವುದರಲ್ಲಿ.

ಅವರ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬಂದಿತ್ತು. ದೊಡ್ಡ ಚಮಚ ಹೋಗುತ್ತಿರಲಿಲ್ಲ. ಹುಟ್ಟುವ ಮಗುವಿಗೆಂದು ಯಾರೋ ತಂದಿದ್ದ ಸಣ್ಣ ಬೆಳ್ಳಿಯ ಚಮಚ ಇತ್ತು, ನಮಗೆ ಮಕ್ಕಳಾಗದ್ದರಿಂದ ಅದು ದೇವರ ಗೂಡಿನಲ್ಲೇ ಉಳಿದಿತ್ತು. ಅದನ್ನು ತೆಗೆದೆ. ಒಂದು ತುತ್ತು ಇಳಿಯಬೇಕಾದರೆ ಕಣ್ಣು ಮುಚ್ಚಿ, ತೊಡೆಯ ಮೇಲಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಸಾಕು ಬಿಡಿರಿ ಎಂದು ನಾನು ಹೇಳುವಂತಿರಲಿಲ್ಲ. ಇನ್ನೊಂದು ಎನ್ನುತ್ತಿದ್ದೆ.

ಅತ್ತೆ ಮಡಿಯ ಹೆಂಗಸು. ಸೋಮವಾರ ಉಳ್ಳಾಗಡ್ಡಿ ಕೂಡ ಹೆಚ್ಚಗೊಡುತ್ತಿರಲಿಲ್ಲ. ಮಗ ದಿನದಿಂದ ದಿನಕ್ಕೆ ಇಳಿಯುತ್ತಿರುವುದನ್ನು ನೋಡಿ, ಒಂದು ಮಧ್ಯಾಹ್ನ ನನ್ನನ್ನು ಹಿತ್ತಲಿಗೆ ಕರೆದರು. “ಆ ಹುಡುಗಿ ತತ್ತಿ ಅಂದಿದ್ಲಲ್ಲ, ತಗೊಂಬಾ,” ಎಂದರು. ನಾನು ಅವರ ಮುಖ ನೋಡಿದೆ. “ನಾ ಕಟ್ಟಿ ಮ್ಯಾಲ ಕುಂದರತೀನಿ. ನೀ ಕುದಿಸು. ಕುದಿಸಿದ ಬೋಗೋಣಿ ಅಲ್ಲೇ ಇಡು, ನಾ ತೊಳೀತೀನಿ.” ಮುಚ್ಚಿಟ್ಟು ಕೊಡುವುದು ನನಗೆ ಸರಿ ಕಾಣಲಿಲ್ಲ, ಗಂಡನಿಗೆ ಹೇಳಿದೆ. ಅವರು ಬಾಯಿಯ ಒಂದು ಪಕ್ಕದಿಂದ ನಕ್ಕರು. “ಹಾಕು. ಈಗ ನಂಗ ಎಲ್ಲಾ ಒಂದ ಆಗ್ಯಾವು,” ಎಂದರು. ತತ್ತಿಯ ಹಳದಿಯನ್ನು ಮೆತ್ತಗಿನ ಅನ್ನದಲ್ಲಿ ಹಿಸುಕಿ ಉಣಿಸಿದೆ. ಅತ್ತೆ ಬೋಗೋಣಿಯನ್ನು ಕುಳ್ಳಿನ ಬೂದಿ ಹಾಕಿ ತಿಕ್ಕಿದರು, ತೊಳೆದು ಬಿಸಿಲಿಗೆ ಬೋರಲು ಹಾಕಿದರು. ದಿನಾ ಹಾಗೇ ನಡೆಯಿತು.

ಕರೆಂಟಿನ ಮಧ್ಯದಲ್ಲಿ ವಾಸನೆಗಳ ಕಾಟ ಶುರುವಾಯಿತು. ನಾಲಿಗೆ ಸತ್ತು ಮೂಗು ಹುಚ್ಚು ಹಿಡಿದ ಹಾಗಾಗಿತ್ತು ಅವರಿಗೆ. ಜಗತ್ತಿನ ಘಾಟುಗಳಲ್ಲೆಲ್ಲ ಕೆಟ್ಟ ಘಾಟಿನ ವಖಾರಿಯಲ್ಲಿ ಹಗಲೆಲ್ಲ ನಿಂತ ಮನುಷ್ಯ ಈಗ ಊದುಬತ್ತಿಗೆ ವಾಕರಿಸುತ್ತಿದ್ದರು. ಫಿನೈಲ್ ಹಾಕಿ ನೆಲ ಒರೆಸಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಸಾಸಿವೆ ಚಟಪಟ ಅಂದರೆ ಮುಗಿಯಿತು, ಕುಡಿದ ಹಾಲೂ ಹೊರಗೆ. ಪೇಸ್ಟು ಹಚ್ಚಿದರೆ ಬಾಯಿ ಉರಿದು ಕಣ್ಣಲ್ಲಿ ನೀರು. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಗಿ ಸುಲಿಯುತ್ತಿತ್ತು. ಅಲ್ಲಿಗೆ ಸಾಬೂನು ತಾಕಿಸಬೇಡಿ, ಬರೀ ನೀರು ಎಂದು ಡಾಕ್ಟರು ಹೇಳಿದ್ದರು. ಆದರೆ ಅಂಗಿಯ ಕಾಲರಿನಲ್ಲಿ ಉಳಿದ, ಬಟ್ಟೆ ಒಗೆಯುವ ಪೌಡರಿನಿಂದಲೇ ಅಲ್ಲಿ ಹುಣ್ಣಾಯಿತು.

ಹೀಗೆ ಒಂದೊಂದಾಗಿ ಅಂಗಡಿಯ ಸಾಮಾನು ಮನೆಯಿಂದ ಹೊರಗೆ ಹೋದವು. ಪಗಾರವೂ ನಿಂತಿತ್ತು, ಹಾಗಾಗಿ ಉಳಿತಾಯವೂ ಆಯಿತು. ಆದರೆ ನಾನು ಉಳಿಸಲು ಮಾಡಿದ್ದಲ್ಲ. ಸಂತೆಯಿಂದ ಅಂಟವಾಳಕಾಯಿ ತಂದೆ. ಬೀಜ ತೆಗೆದು, ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿದರೆ ಕಂದು ಬಣ್ಣದ ನೊರೆನೀರು ಸಿಗುತ್ತದೆ. ಅವರ ಬಟ್ಟೆ, ಹಾಸಿಗೆ, ಟಾವೆಲ್ ಎಲ್ಲವನ್ನೂ ಅದರಲ್ಲಿ ಒಗೆದು, ನೊರೆ ಹೋಗುವ ತನಕ ಜಾಲಿಸಿ ಹಾಕುತ್ತಿದ್ದೆ. ನೆಲಕ್ಕೆ ಬಿಸಿನೀರು ಮತ್ತು ಕಲ್ಲುಪ್ಪು. ಪಾತ್ರೆಗೆ ಜರಡಿ ಹಿಡಿದ ಬೂದಿ. ಬಾಯಿ ಮುಕ್ಕಳಿಸಲು ಕುದಿಸಿ ಆರಿಸಿದ ನೀರಿಗೆ ಉಪ್ಪು ಮತ್ತು ಅಡಿಗೆ ಸೋಡಾ. ಅದನ್ನು ಆಸ್ಪತ್ರೆಯವರೇ ಹೇಳಿಕೊಟ್ಟಿದ್ದರು. ನಾನೂ ಅತ್ತೆಯೂ ಕಡಲೆಹಿಟ್ಟು ಹಚ್ಚಿ ಮೈ ತೊಳೆಯತೊಡಗಿದೆವು, ಯಾಕೆಂದರೆ ನಮ್ಮ ಮೈಯ ಸಾಬೂನಿನ ವಾಸನೆಯೂ ಅವರಿಗೆ ಆಗುತ್ತಿರಲಿಲ್ಲ. ಒಗ್ಗರಣೆ ಸೌಟನ್ನು ತೊಳೆದು ಮಾಳಿಗೆಗೆ ಹಾಕಿದೆ. ಅತ್ತೆಗೆ ಬೇರೆ ಮಾಡಿ ಕೊಡುತ್ತೇನೆ, ಪಕ್ಕದ ಮನೆಯ ಒಲೆಯ ಮೇಲೆ ಮಾಡಿ ತರುತ್ತೇನೆ ಎಂದರೂ ಕೇಳಲಿಲ್ಲ. “ಅವ ಉಣ್ಣದ್ದು ನಂಗ್ಯಾಕ ಬೇಕವ್ವಾ,” ಎಂದರು. ಮೂವರೂ ಒಂದೇ ಸಪ್ಪೆ ಉಂಡೆವು. ಮನೆಯಲ್ಲಿ ಯಾವ ವಾಸನೆಯೂ ಇಲ್ಲವಾಯಿತು. ಹೊರಗಿನಿಂದ ಬಂದವರಿಗೆ ಇಲ್ಲಿ ಯಾರೂ ವಾಸವಿಲ್ಲವೇನೋ ಅನಿಸುತ್ತಿರಬೇಕು.

ಪಕ್ಕದ ಮನೆಯ ವೈನಿಗೆ ಇದೆಲ್ಲ ಬಹಳ ಹಿಡಿಸಿತು. ಒಳ್ಳೆಯ ಹೆಂಗಸು, ನಾವು ಮಿರಜಿಗೆ ಹೋದ ದಿನಗಳಲ್ಲಿ ನಮ್ಮ ನೀರು ತುಂಬಿಸಿಟ್ಟವಳು. ಅಂಟವಾಳದ ನೀರಿನಲ್ಲಿ ಒಗೆದ ಸೀರೆ ಎಷ್ಟು ಮೆತ್ತಗಾಯಿತು ಎಂದು ಓಣಿಯಲ್ಲೆಲ್ಲ ಹೇಳಿದಳು. ಅವಳ ಸೊಸೆ ಬಂದು ನಾನು ಕಾಯಿ ಕುದಿಸುವುದನ್ನು ಮೊಬೈಲಿನಲ್ಲಿ ತೆಗೆದಳು. ನನ್ನ ಮುಖ ಬರುವುದು ಬೇಡ ಎಂದೆ, ಕೈ ಅಷ್ಟೇ ತೆಗೆದಳು. ಅದು ಎಲ್ಲೆಲ್ಲಿಗೆ ಹೋಯಿತೋ, ಚಿಕ್ಕೋಡಿಯಲ್ಲಿರುವ ನಮ್ಮ ಸಂಬಂಧಿಕರಿಗೂ ಬಂದು ಮುಟ್ಟಿತಂತೆ. ಮಧ್ಯಾಹ್ನ ಹೆಂಗಸರು ಬರತೊಡಗಿದರು. ಮೊಳಕೆ ಕಾಳಿನ ಹಿಟ್ಟು ಹೇಗೆ, ಶೇಂಗಾ ಹಾಲು ಹೇಗೆ, ಎಣ್ಣೆಯಿಲ್ಲದೆ ಪಲ್ಯ ಹೇಗೆ ಎಂದು ಕೇಳುತ್ತಿದ್ದರು. ನಿಮ್ಮ ಮನೆಯಲ್ಲಿ ಇನ್ನು ಯಾರಿಗೂ ಬೀಪಿ, ಶುಗರ್ ಬರುವುದಿಲ್ಲ ಎಂದು ವೈನಿ ಹೇಳಿದಾಗ ಎಲ್ಲರೂ ಹೌದು ಹೌದು ಎಂದರು. ಅವರು ಕೆಟ್ಟವರಲ್ಲ. ಒಳಗೆ ಒಬ್ಬ ಮನುಷ್ಯ ಮಲಗಿದ್ದಾನೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅದನ್ನೂ ಈ ಡಬ್ಬಿಗಳನ್ನೂ ಅವರು ಒಂದಕ್ಕೊಂದು ಹಚ್ಚಿ ನೋಡಿರಲಿಲ್ಲ. ಇದನ್ನು ನಾನು ಇಷ್ಟಪಟ್ಟು ಮಾಡಿಕೊಂಡ ರೂಢಿ ಎಂದುಕೊಂಡಿದ್ದರು.

ಒಂದು ದಿನ ಅವರೆಲ್ಲ ಹೋದ ಮೇಲೆ ನನ್ನ ಗಂಡ ನನ್ನನ್ನು ಕರೆದರು. ಆಗಲೇ ಮಾತು ತೊದಲಾಗಿತ್ತು. ನನಗೂ ಅತ್ತೆಗೂ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. “ಹ್ಯಾಂಗ ಮಾಡೂದು ಅಂತ ಅಷ್ಟ ಹೇಳತಿ. ಯಾಕ ಮಾಡಾಕತ್ತಿ ಅಂತಾನೂ ಹೇಳು,” ಎಂದರು. ಆ ಹೆಂಗಸರ ಗಂಡಂದಿರೂ ಇಂಥವೇ ವಖಾರಿಗಳಲ್ಲಿದ್ದಾರೆ, ಅವರಲ್ಲೂ ಸುಣ್ಣದ ಡಬ್ಬಿ ಇದೆ ಎಂದರು. ಮುಂದಿನ ಸಲ ಅವರು ಬಂದಾಗ ನಾನು ಹೇಳಿದೆ. ಚಟ್ನಿ ಉಳಿದ ತಾಟಿನಿಂದ ಹಿಡಿದು ಹೇಳಿದೆ. ಒಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮತ್ತೊಬ್ಬಳು ಮೆಲ್ಲಗೆ, ಅಂಟವಾಳದ ನೀರಿನಲ್ಲಿ ಬಿಳಿ ಅಂಗಿ ಒಗೆದರೆ ಹಳದಿ ಆಗುತ್ತದೇನು ಎಂದು ಕೇಳಿದಳು. ನಾನು, ಬಿಸಿಲಿಗೆ ಹಾಕಿದರೆ ಆಗುವುದಿಲ್ಲ ಎಂದೆ. ನನಗೆ ಸಿಟ್ಟು ಬರಲಿಲ್ಲ. ಕೇಳಿದ ಮಾತನ್ನು ಇಟ್ಟುಕೊಳ್ಳಲು ಅವಳಿಗೆ ಜಾಗ ಇರಲಿಲ್ಲ, ಅಷ್ಟೇ.

ಕರೆಂಟ್ ಮುಗಿದು ಬೇಸಿಗೆ ಬಂತು. ಆ ಒಂದು ಬೇಸಿಗೆಯನ್ನು ಯಾರೋ ಕೈತಪ್ಪಿ ನನಗೆ ಕೊಟ್ಟ ಹಾಗಿತ್ತು. ಬಾಯಿಯ ಹುಣ್ಣು ಮಾಯ್ದವು. ನುಚ್ಚು ಮಜ್ಜಿಗೆಯ ಒಂದು ಬಟ್ಟಲು ಮುಗಿಸಿ ಇನ್ನಷ್ಟು ಹಾಕು ಎಂದು ಬಟ್ಟಲು ಚಾಚಿದರು. ಮುಖಕ್ಕೆ ಸ್ವಲ್ಪ ಕಳೆ ಬಂತು. ಸಂಜೆ ಕಟ್ಟೆಯ ಮೇಲೆ ಕೂತು ಹೋಗಿ ಬರುವವರಿಗೆ ಕೈ ಎತ್ತುತ್ತಿದ್ದರು. ಮಿರಜಿನ ಆ ಹುಡುಗಿ ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿ, ಶಾಬಾಸ್ ಕಾಕು ಎಂದು ನನ್ನ ಬೆನ್ನು ತಟ್ಟಿದಳು. ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತ, ಇದನ್ನು ಮಾಡಿದ್ದು ನಾನು ಎಂದುಕೊಂಡೆ. ನಿಜವಾಗಿಯೂ ಹಾಗೆ ಅಂದುಕೊಂಡೆ. ಒಲೆಯ ಮುಂದೆ, ಜರಡಿಯ ಮುಂದೆ, ಒಗೆಯುವ ಕಲ್ಲಿನ ಮುಂದೆ ಕೂತು ನಾನೊಬ್ಬಳೇ ಆ ರೋಗವನ್ನು ಹೊರಗೆ ಹಾಕಿದೆ ಎಂದು ನಂಬಿದೆ. ಆ ನಂಬಿಕೆಯಿಂದ ಮತ್ತಷ್ಟು ಕಟ್ಟುನಿಟ್ಟಾದೆ. ಮನೆಯಲ್ಲಿ ಸಕ್ಕರೆ ನಿಲ್ಲಿಸಿದೆ. ನೀರನ್ನು ಕುದಿಸಿ ತಾಮ್ರದ ಹಂಡೆಯಲ್ಲಿಟ್ಟೆ. ಸೊಪ್ಪನ್ನು ಉಪ್ಪುನೀರಿನಲ್ಲಿ ತೊಳೆದ ಮೇಲೂ ಮತ್ತೆ ತೊಳೆಯುತ್ತಿದ್ದೆ.

ಮಳೆಗಾಲದ ಮೊದಲ ಮೋಡಗಳ ಹೊತ್ತಿಗೆ ಕುತ್ತಿಗೆಯ ಇನ್ನೊಂದು ಪಕ್ಕದಲ್ಲಿ ಗಂಟು ಕಂಡಿತು. ಮೈ ಒರೆಸುವಾಗ ನನ್ನ ಬೆರಳಿಗೇ ಮೊದಲು ತಾಕಿದ್ದು. ನಾನು ಟಾವೆಲನ್ನು ಅಲ್ಲೇ ಹಿಡಿದು ನಿಂತೆ. ಅವರು ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, ನಂಗ ಗೊತ್ತೈತಿ ಎಂದರು. ಕೆಲವು ದಿನಗಳಿಂದಲೇ ಅವರಿಗೆ ಗೊತ್ತಿತ್ತು. ನಾನು ಹುರುಪಿನಲ್ಲಿದ್ದೇನೆ ಎಂದು ಸುಮ್ಮನಿದ್ದರು.

ಮಿರಜಿನ ಡಾಕ್ಟರು ಇನ್ನೊಮ್ಮೆ ಕೊಯ್ಯುವ ಹಾಗಿಲ್ಲ ಎಂದರು. ಹೊಟ್ಟೆಗೆ ಸೀದಾ ಒಂದು ನಳಿಕೆ ಹಾಕೋಣ, ಉಪವಾಸ ಬೀಳುವುದು ತಪ್ಪುತ್ತದೆ ಎಂದರು. ಎಲ್ಲಿ ತಪ್ಪಿತು, ಊಟದಲ್ಲಿ ಏನು ಕಡಿಮೆಯಾಯಿತು ಎಂದು ನಾನು ಕೇಳಿದೆ. “ನೀವ ಏನೂ ಕಡಿಮಿ ಮಾಡಿಲ್ರಿ. ಇದು ಊಟದ್ದಲ್ಲ,” ಎಂದರು. ಅವರು ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ಏನಾದರೂ ಕಡಿಮೆಯಾಗಿದ್ದರೆ ಅದನ್ನು ತುಂಬಲು ದಾರಿ ಇರುತ್ತಿತ್ತು. ಕಡಿಮೆಯೇ ಇಲ್ಲದಿದ್ದರೆ ಇನ್ನು ಮಾಡುವುದು ಏನು. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ನಾನು ಡಬ್ಬಿಯ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.

ನಳಿಕೆ ಹಾಕಿದ ಮೇಲೆ ಅಡಿಗೆಮನೆಯ ಕೆಲಸ ಹೆಚ್ಚಾಯಿತು, ಅಡಿಗೆ ಇಲ್ಲವಾಯಿತು. ಅದೇ ನುಚ್ಚು, ಅದೇ ಕಾಳಿನ ಹಿಟ್ಟು, ಅದೇ ಶೇಂಗಾ ಹಾಲು; ಆದರೆ ಎಲ್ಲವನ್ನೂ ಮಿಕ್ಸರಿನಲ್ಲಿ ತಿರುಗಿಸಿ, ತೆಳುವಾದ ಮಲಮಲ್ ಬಟ್ಟೆಯಲ್ಲಿ ಸೋಸಿ, ನೀರಿನ ಹಾಗೆ ಮಾಡಬೇಕು. ಒಂದು ಸಣ್ಣ ಚೂರು ಉಳಿದರೆ ನಳಿಕೆ ಕಟ್ಟುತ್ತದೆ. ಪಿಚಕಾರಿಯಂಥ ದೊಡ್ಡ ಸಿರಿಂಜಿನಲ್ಲಿ ತುಂಬಿ ಎತ್ತಿ ಹಿಡಿದರೆ ತಾನೇ ಇಳಿಯುತ್ತದೆ. ಮೊದಲು ಅವರು ನುಂಗುವುದನ್ನು ನೋಡಲು ಆಗುತ್ತಿರಲಿಲ್ಲ. ಈಗ ನುಂಗುವುದೇ ಇಲ್ಲ. ಅವರು ಗೋಡೆಯ ಕಡೆ ನೋಡುತ್ತಿದ್ದರು, ನಾನು ಸಿರಿಂಜಿನಲ್ಲಿ ಇಳಿಯುವ ಮಟ್ಟವನ್ನು ನೋಡುತ್ತಿದ್ದೆ. ಉಪ್ಪು ನೋಡಲು ಬೆರಳಿಗೆ ಹಚ್ಚಿಕೊಂಡು ನೆಕ್ಕುವ ರೂಢಿ ನನಗೆ. ಒಂದು ದಿನ ಹಾಗೆ ನೆಕ್ಕಿದವಳು, ಇದರ ಉಪ್ಪು ಯಾರಿಗಾಗಿ ನೋಡುತ್ತಿದ್ದೇನೆ ಅನಿಸಿ ಕೈ ತೊಳೆದುಕೊಂಡೆ.

ಆಷಾಢದಲ್ಲಿ ಒಂದು ಬೆಳಿಗ್ಗೆ ಅವರು ಸನ್ನೆ ಮಾಡಿ ಕರೆದು, ಮೆಣಸಿನಕಾಯಿ ಹುರಿ ಎಂದರು. ನನಗೆ ಸರಿಯಾಗಿ ತಿಳಿಯಲಿಲ್ಲ ಎಂದುಕೊಂಡು ಮತ್ತೆ ಕೇಳಿದೆ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಶೇಂಗಾ ಹಂಚಿನ ಮೇಲೆ ಹುರಿದು ಕುಟ್ಟಿದ ಖರ್ಡಾ ಬೇಕು ಎಂದರು. ಅತ್ತೆ ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ತಾವೇ ವೈನಿಯ ಮನೆಗೆ ಹೋಗಿ ಮೆಣಸಿನಕಾಯಿ ತಂದರು, ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. ಗಂಡನನ್ನು ನಡೆಸಿಕೊಂಡು ಬಂದು ಅಡಿಗೆಮನೆಯ ಬಾಗಿಲಿನಲ್ಲಿ ಕುರ್ಚಿ ಹಾಕಿ ಕೂಡಿಸಿದೆವು. ಹಂಚು ಕಾದು ಮೆಣಸಿನಕಾಯಿ ಸಿಡಿದಾಗ ಘಾಟು ಮನೆ ತುಂಬಿತು. ನಮ್ಮಿಬ್ಬರಿಗೂ ಕೆಮ್ಮು ಬಂತು. ಅವರು ಮೂಗು ಎತ್ತಿ ಕೂತಿದ್ದರು, ವಾಕರಿಸಲಿಲ್ಲ. ಕಲ್ಲಿನಲ್ಲಿ ಕುಟ್ಟಿ, ಬೆರಳ ತುದಿಯಲ್ಲಿ ಒಂದು ಕಣದಷ್ಟು ತೆಗೆದು ಅವರ ನಾಲಿಗೆಗೆ ಹಚ್ಚಿದೆ. ಕಣ್ಣಿನಿಂದ ನೀರು ಸುರಿಯತೊಡಗಿತು. ಒರೆಸಲು ಹೋದರೆ ಕೈ ಸರಿಸಿದರು. ಬಾಯಿ ತೊಳೆಸಲೇ ಎಂದರೆ ಬೇಡ ಎಂದು ತಲೆಯಾಡಿಸಿದರು. ಬಹಳ ಹೊತ್ತು ಏನನ್ನೋ ಹುಡುಕುವವರ ಹಾಗೆ ಬಾಯಿಯೊಳಗೆ ನಾಲಿಗೆ ಆಡಿಸಿದರು.

“ಉರಿ ಅಷ್ಟ ಐತಿ,” ಎಂದರು ಕಡೆಗೆ. “ಮೆಣಸಿನಕಾಯಿ ಇಲ್ಲ.”

ಅತ್ತೆ ಅಲ್ಲಿಂದ ಎದ್ದು ಹಿತ್ತಲಿಗೆ ಹೋದರು. ನಾನು ಖರ್ಡಾವನ್ನು ಒಂದು ಬಟ್ಟಲಿಗೆ ತೆಗೆದು ಮುಚ್ಚಿಟ್ಟೆ. ಅದನ್ನು ಯಾರೂ ತಿನ್ನಲಿಲ್ಲ. ವೈನಿಯ ಮನೆಗೆ ಕೊಟ್ಟು ಬಂದೆ.

ಅದಾದ ಮೇಲೆ ಅವರು ಏನನ್ನೂ ಕೇಳಲಿಲ್ಲ. ನಳಿಕೆಯಲ್ಲಿ ಹಾಕಿದ್ದು ಇಳಿಯುವುದು ನಿಧಾನವಾಯಿತು, ಕೆಲವು ಸಲ ಹೊರಗೆ ಬರುತ್ತಿತ್ತು. ಇನ್ನು ಬಲವಂತ ಮಾಡಬೇಡಿ, ಅವರಿಗೆ ಬೇಕಾದಷ್ಟೇ ಸಾಕು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನಾನು ಆದರೂ ಮಾಡುತ್ತಿದ್ದೆ. ಬೆಳಿಗ್ಗೆ ಎದ್ದು ಕಾಳು ಬೇಯಿಸದಿದ್ದರೆ ಕೈ ಏನು ಮಾಡಬೇಕು ಎಂದು ತಿಳಿಯುತ್ತಿರಲಿಲ್ಲ. ಶ್ರಾವಣ ಹಿಡಿದ ಒಂದು ಬೆಳಿಗ್ಗೆ ಸೋಸುತ್ತಿದ್ದಾಗ ಅತ್ತೆ ಒಳಗಿನಿಂದ ಕರೆದರು. ಜೋರಾಗಿ ಕರೆಯಲಿಲ್ಲ, ಆದರೂ ಆ ದನಿಯಲ್ಲೇ ಗೊತ್ತಾಯಿತು. ಒದ್ದೆ ಬಟ್ಟೆಯನ್ನು ಹಿಡಿದುಕೊಂಡೇ ಹೋದೆ. ಅವರ ಮುಖ ಗೋಡೆಯ ಕಡೆಗಿತ್ತು. ಅತ್ತೆ ಮಗನ ಅಂಗಾಲನ್ನು ತಿಕ್ಕುತ್ತ ಕೂತಿದ್ದರು, ಅದು ಬೆಚ್ಚಗಾಗುವುದಿಲ್ಲ ಎಂದು ಗೊತ್ತಿದ್ದೂ ತಿಕ್ಕುತ್ತಿದ್ದರು.

ಮಣ್ಣು ಮಾಡಿ ಬಂದ ದಿನ ನಮ್ಮ ಒಲೆ ಹಚ್ಚಲಿಲ್ಲ. ಓಣಿಯವರು ರೊಟ್ಟಿ, ಝುಣಕ, ಬೇಳೆಸಾರು ಮಾಡಿ ತಂದರು. ಎಷ್ಟೋ ತಿಂಗಳ ಮೇಲೆ ಸಾಸಿವೆ, ಕರಿಬೇವಿನ ವಾಸನೆ ಆ ಮನೆಯೊಳಗೆ ಬಂತು. ಬಂದವರೆಲ್ಲ ಉಂಡರು. ನಾನು ಒಂದು ತುತ್ತು ಬಾಯಿಗಿಟ್ಟೆ. ಹಿತ್ತಲಿಗೆ ಓಡಿ ಉಗುಳಿದೆ. ದುಃಖಕ್ಕೆ ಹೀಗಾಗುತ್ತದೆ ಎಂದು ಹೆಂಗಸರು ಬೆನ್ನು ನೀವಿದರು. ದುಃಖಕ್ಕಲ್ಲ. ನನ್ನ ನಾಲಿಗೆಯೂ ಮೂಗೂ ಆ ಊಟವನ್ನು ಮರೆತಿದ್ದವು. ಅವರ ಜೊತೆ ಅವರ ರೋಗದ ಅರ್ಧ ದಾರಿಯನ್ನು ನಾನೂ ನಡೆದಿದ್ದೆ; ತಿರುಗಿ ಬರುವುದು ಹೇಗೆಂದು ಯಾರೂ ಹೇಳಿಕೊಡುವವರಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ನಾದಿನಿ ಅತ್ತೆಯನ್ನು ಕಾಗವಾಡಕ್ಕೆ ಕರೆದುಕೊಂಡು ಹೋದಳು. ನನ್ನನ್ನೂ ಕರೆದರು. ಸ್ವಲ್ಪ ದಿನ ಬಿಟ್ಟು ಬರುತ್ತೇನೆ ಎಂದೆ, ಹೋಗಲಿಲ್ಲ. ಅತ್ತೆ ಫೋನಿನಲ್ಲಿ, ಇಲ್ಲಿ ಎಲ್ಲದಕ್ಕೂ ಖಾರ ಹಾಕುತ್ತಾರೆ ಎಂದು ಹೇಳಿದರು. ದೂರು ಹೇಳಿದ್ದೋ, ಸುಮ್ಮನೆ ತಿಳಿಸಿದ್ದೋ ಗೊತ್ತಾಗಲಿಲ್ಲ.

ನಾನು ಈಗಲೂ ಅಂಟವಾಳ ಕುದಿಸುತ್ತೇನೆ. ಅದರಲ್ಲಿ ಯಾವ ಅರ್ಥವೂ ಇಲ್ಲ. ಅಂಗಡಿಯ ಪೌಡರಿನ ವಾಸನೆ ಈಗ ನನಗೇ ಆಗುವುದಿಲ್ಲ. ಓಣಿಯ ಹೆಂಗಸರು ಮೊದಲಿನ ಹಾಗೆ ಬರುವುದಿಲ್ಲ. ಕೆಲವರು ಮತ್ತೆ ಅಂಗಡಿಯ ಪೌಡರಿಗೆ ಹೋದರು, ಕೆಲವರು ಸಾವಿನ ಮನೆಯ ಪದಾರ್ಥ ಎಂದು ಬಿಟ್ಟರು. ವಖಾರಿಯಲ್ಲಿ ಅವರ ಜಾಗಕ್ಕೆ ಬಂದವನು ಸಂಜೆ ನಮ್ಮ ಮನೆಯ ಮುಂದೆ ಹಾದು ಹೋಗುತ್ತಾನೆ. ಅವನ ಕೆನ್ನೆ ಒಂದು ಪಕ್ಕ ಉಬ್ಬಿರುತ್ತದೆ. ನಾನು ಒಮ್ಮೆ ನಿಲ್ಲಿಸಿ ಹೇಳಿದೆ. ಹೌದ್ರಿ ಅಕ್ಕಾರ, ಬಿಡತೀನ್ರಿ ಎಂದ. ಮರುದಿನವೂ ಉಬ್ಬಿತ್ತು.

ಈಚೆಗೆ ಚಿಂಚಲಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ನನಗಿಂತ ಬಹಳ ಚಿಕ್ಕವಳು. ಮೊಬೈಲಿನಲ್ಲಿ ಬಂದ ಆ ವಿಡಿಯೋದ ಕೈಗಳು ಯಾರವು ಎಂದು ಕೇಳುತ್ತ ಕೇಳುತ್ತ ನಮ್ಮ ಬಾಗಿಲಿಗೆ ಮುಟ್ಟಿದ್ದಳು. ನನ್ನ ಗಂಡನ ರೋಗದ ಸುದ್ದಿಯನ್ನೂ ಅವಳಿಗೆ ಯಾರೋ ಹೇಳಿದ್ದರು, ಬಟ್ಟೆ ತೊಳೆಯುವುದರ ಬಗ್ಗೆ ಅವಳು ಕೇಳಲಿಲ್ಲ. ಗಂಡನಿಗೆ ಮಿರಜಿನಲ್ಲಿ ಕರೆಂಟ್ ಶುರುವಾಗಿದೆ, ಏನು ಮಾಡಿ ಕೊಟ್ಟರೂ ಒಲ್ಲೆನೆನ್ನುತ್ತಾನೆ, ನೀವು ಏನೇನು ಮಾಡುತ್ತಿದ್ದಿರಿ ಹೇಳಿರಿ ಎಂದಳು. ನಾನು ಅವಳನ್ನು ಅಡಿಗೆಮನೆಗೆ ಕರೆದುಕೊಂಡು ಹೋದೆ. ಕಾಳು ನೆನೆಸುವುದರಿಂದ ಹಿಡಿದು ಎಲ್ಲವನ್ನೂ ತೋರಿಸಿದೆ. ಅವಳು ಒಂದೊಂದನ್ನೂ ಬಾಯಲ್ಲಿ ಎರಡೆರಡು ಸಲ ಹೇಳಿಕೊಂಡು ನೆನಪಿಟ್ಟುಕೊಂಡಳು. ಹೊರಡುವಾಗ ಬಾಗಿಲಿನಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ, ಕೇಳಲು ಬಂದದ್ದನ್ನು ಕೇಳಿದಳು.

“ಇದರಿಂದ ಆರಾಮ ಆಗತೈತಲ್ರಿ ಅಕ್ಕಾರ?”

ಗೋಡೆಯ ಮೇಲೆ ಹೂವಿನ ಹಾರ ಹಾಕಿದ ಅವರ ಫೋಟೋ ಇತ್ತು. ಅವಳು ಒಳಗೆ ಬರುವಾಗಲೇ ಅದನ್ನು ನೋಡಿದ್ದಳು, ನೋಡಿದ್ದನ್ನು ನಾನೂ ನೋಡಿದ್ದೆ.

“ಹೊಟ್ಟಿ ತುಂಬತೈತವ್ವಾ,” ಎಂದೆ.

ಅವಳು ಹ್ಞೂ ಎಂದಳು. ಪುಟಾಣಿ ಹಿಟ್ಟಿನ ಒಂದು ಗಂಟು ಅವಳ ಚೀಲಕ್ಕೆ ಹಾಕಿದೆ. ಬೆಳಿಗ್ಗೆಯಿಂದ ಏನಾದರೂ ತಿಂದಿರುವೆಯಾ ಎಂದು ಕೇಳಿದರೆ, ಮನೆಗೆ ಹೋಗಿ ತಿನ್ನುತ್ತೇನೆ, ರಾಯಬಾಗದ ಬಸ್ಸು ತಪ್ಪುತ್ತದೆ ಎಂದು ಬಿರಬಿರನೆ ನಡೆದಳು.